ವುಡ್‌ಸ್ಟಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್: ಆ ಸೋಮವಾರ ಬೆಳಗಿನ ಕಛೇರಿಯನ್ನು ಹೇಗೆ ಕೇಳಬೇಕು?

ವಾದ್ಯಪ್ರಿಯ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 1969ರ ಆಗಸ್ಟ್ 18ರಂದು ವುಡ್‌ಸ್ಟಾಕ್ ಸಂಗೀತೋತ್ಸವದ ಕೊನೆಯ ಕಲಾವಿದರಾಗಿ ಜಿಮಿ ಹೆಂಡ್ರಿಕ್ಸ್ ಅವರು ನಡೆಸಿಕೊಟ್ಟ ಕಛೇರಿಯ ಬಗ್ಗೆ ಬಲ್ಲವರಿಂದ ತಿಳಿದುಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಕರ್ನಾಟಕ ಸಂಗೀತವನ್ನು ಕೇಳುತ್ತಾ ಬೆಳೆದವನು. ರಾಕ್ ಸಂಗೀತದ ಪರಿಚಯವಾದದ್ದು ತಡವಾಗಿ, ಅದೂ ಹೆಂಡ್ರಿಕ್ಸ್ ಅವರು ಗಿಟಾರಿನಲ್ಲಿ ಅಮೆರಿಕದ ರಾಷ್ಟ್ರಗೀತೆ ನುಡಿಸುವ ಆ ಪ್ರಸಿದ್ಧ ದೃಶ್ಯದ ಮೂಲಕ. ನಾಲ್ಕು ನಿಮಿಷಕ್ಕೂ ಕಡಿಮೆಯಿರುವ ಆ ತುಣುಕು ನನ್ನನ್ನು ಬಹಳ ಕಾಡಿತು. ಆದ್ದರಿಂದಲೇ ಪೂರ್ತಿ ಕಛೇರಿಯ ಧ್ವನಿಮುದ್ರಣವನ್ನು ಕೇಳಲು ಕುಳಿತೆ.

ಕೇಳಿದ ಮೇಲೆ ಗೊಂದಲ ಹೆಚ್ಚಾಯಿತು. ಆರಂಭದ ಹಾಡುಗಳಲ್ಲಿ ತಂಡದವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಿರುವಂತೆ ಕೇಳಿಸುತ್ತದೆ. ಹಾಡು ಹಾಡಿನ ನಡುವೆ ಶ್ರುತಿ ಸರಿಮಾಡಿಕೊಳ್ಳುವುದಕ್ಕೇ ಸಾಕಷ್ಟು ಸಮಯ ಹೋಗುತ್ತದೆ. ಆರು ಜನ ವೇದಿಕೆಯಲ್ಲಿದ್ದರೂ ಕಿವಿಗೆ ಬೀಳುವುದು ಮೂವರ ವಾದನ ಮಾತ್ರ. ಜನರಲ್ಲಿ ಬಹುಪಾಲು ಅಷ್ಟುಹೊತ್ತಿಗೆ ಊರಿಗೆ ಹೊರಟುಹೋಗಿದ್ದರು ಎಂದೂ ಓದಿದ್ದೇನೆ. ಹೀಗಿದ್ದೂ ಇದನ್ನು ಬಯಲು ಸಂಗೀತೋತ್ಸವಗಳ ಇತಿಹಾಸದ ಶಿಖರವೆಂದು ಕರೆಯಲು ಕಾರಣವೇನು? ರಾಷ್ಟ್ರಗೀತೆಯ ಆ ಕೆಲವೇ ನಿಮಿಷಗಳು ಉಳಿದ ಸುಮಾರು ಎರಡು ಗಂಟೆಯನ್ನೂ ಹೊತ್ತುಕೊಂಡಿವೆಯೇ, ಅಥವಾ ಒಟ್ಟು ಕಛೇರಿಯಲ್ಲಿ ನಾನು ಗಮನಿಸಬೇಕಾದದ್ದು ಬೇರೇನಾದರೂ ಇದೆಯೇ? ದಯವಿಟ್ಟು ಸ್ವಲ್ಪ ವಿವರವಾಗಿಯೇ ಬರೆಯಿರಿ.

ಹಳೆಯ ರೆಕಾರ್ಡು

ವಾದ್ಯಪ್ರಿಯ ಅವರೇ, ನಿಮಗೆ ಕೇಳಿಸಿದ್ದೆಲ್ಲ ನಿಜವಾಗಿಯೂ ಆ ಧ್ವನಿಮುದ್ರಣದಲ್ಲಿದೆ. ಆ ತಂಡ ಹುಟ್ಟಿಕೊಂಡ ಸಂದರ್ಭ ಗೊತ್ತಾದರೆ ಅದಕ್ಕೆ ಕಾರಣವೂ ತಿಳಿಯುತ್ತದೆ.

ಹೆಂಡ್ರಿಕ್ಸ್ ಅವರಿಗೆ ಲೋಕಖ್ಯಾತಿ ತಂದುಕೊಟ್ಟ ‘ಎಕ್ಸ್‌ಪೀರಿಯೆನ್ಸ್’ ಎಂಬ ಮೂವರ ತಂಡ 1969ರ ಜೂನ್ ಕೊನೆಯಲ್ಲಿ, ಡೆನ್ವರ್ ನಗರದ ಉತ್ಸವವೊಂದರ ನಂತರ ಮುರಿದುಬಿತ್ತು. ವುಡ್‌ಸ್ಟಾಕ್‌ಗೆ ಉಳಿದಿದ್ದದ್ದು ಏಳು ವಾರ. ಈ ಅವಧಿಯಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಶೋಕನ್ ಎಂಬ ಹಳ್ಳಿಯ ಬಳಿ ಒಂದು ಮನೆ ಹಿಡಿದು ಹೊಸಬರನ್ನು ಕೂಡಿಸಿಕೊಂಡರು. ಬೇಸ್ ಗಿಟಾರಿಗೆ ಬಿಲ್ಲಿ ಕಾಕ್ಸ್ ಬಂದರು. ಇಬ್ಬರೂ ಸೈನ್ಯದಲ್ಲಿದ್ದಾಗ ಕೆಂಟಕಿಯ ಫೋರ್ಟ್ ಕ್ಯಾಂಪ್‌ಬೆಲ್ ಶಿಬಿರದಲ್ಲಿ ಸ್ನೇಹಿತರಾದವರು. ಎರಡನೆಯ ಗಿಟಾರಿಗೆ ಬಂದ ಲ್ಯಾರಿ ಲೀ ಕೂಡ ಹಳೆಯ ಗೆಳೆಯರೇ, ಆಗಷ್ಟೇ ವಿಯೆಟ್ನಾಂನಿಂದ ಮರಳಿದ್ದರು. ಜುಮಾ ಸುಲ್ತಾನ್ ಮತ್ತು ಜೆರ್ರಿ ವೆಲೆಜ್ ಕೈಯಿಂದ ಬಾರಿಸುವ ತಾಳವಾದ್ಯಗಳಿಗೆ ಸೇರಿದರು. ಹಳೆಯ ತಂಡದಿಂದ ಉಳಿದುಕೊಂಡವರು ಡ್ರಮ್ಸ್ ವಾದಕ ಮಿಚ್ ಮಿಚೆಲ್ ಒಬ್ಬರೇ. ಅಂದರೆ ನೀವು ಕೇಳಿದ್ದು ಪಳಗಿದ ಒಂದು ತಂಡದ ಕಛೇರಿಯನ್ನಲ್ಲ. ಕೆಲವೇ ವಾರ ಕೂಡಿ ಅಭ್ಯಾಸ ಮಾಡಿದವರು ಮೊದಲ ಬಾರಿಗೆ ಜನರೆದುರು ಬಂದು ನಿಂತ ಗಳಿಗೆಯನ್ನು ಕೇಳಿದಿರಿ. ನಿರೂಪಕ ಚಿಪ್ ಮಾಂಕ್ ಅವರು ಅಭ್ಯಾಸಬಲದಿಂದ ಹಳೆಯ ತಂಡದ ಹೆಸರನ್ನೇ ಕೂಗಿದಾಗ ಹೆಂಡ್ರಿಕ್ಸ್ ಮೈಕಿನ ಮುಂದೆ ಬಂದು ಅದನ್ನು ತಿದ್ದಿ, ತಮ್ಮದೀಗ ‘ಜಿಪ್ಸಿ ಸನ್ ಅಂಡ್ ರೇನ್‌ಬೋಸ್’ ಎಂದು ತಿಳಿಸಿದರು.

ಇನ್ನು ಹೊತ್ತಿನ ವಿಷಯ. ನ್ಯೂಯಾರ್ಕ್ ರಾಜ್ಯದ ಬೆಥೆಲ್ ಎಂಬಲ್ಲಿ ಮ್ಯಾಕ್ಸ್ ಯಾಸ್ಗರ್ ಅವರ ಹೈನುಗಾರಿಕೆಯ ಜಮೀನಿನಲ್ಲಿ ನಡೆದ ಈ ಉತ್ಸವ ಮೂರು ದಿನಗಳಿಗೆಂದು ಗೊತ್ತಾಗಿತ್ತು, ಭಾನುವಾರ ರಾತ್ರಿ ಮುಗಿಯಬೇಕಾಗಿತ್ತು. ಶುಕ್ರವಾರದಿಂದಲೇ ಕಾರ್ಯಕ್ರಮಗಳು ಹಿಂದೆ ಬೀಳುತ್ತಾ ಬಂದವು. ಭಾನುವಾರ ಮಧ್ಯಾಹ್ನ ಜೋ ಕಾಕರ್ ಅವರ ಗಾಯನ ಮುಗಿಯುತ್ತಿದ್ದಂತೆ ಬಿರುಗಾಳಿಯೊಂದಿಗೆ ಸುರಿದ ಮಳೆಯಿಂದ ವೇದಿಕೆ ಗಂಟೆಗಟ್ಟಲೆ ನಿಂತುಹೋಯಿತು. ಆಮೇಲೆ ರಾತ್ರಿಯಿಡೀ ಒಂದಾದ ಮೇಲೊಂದು ತಂಡ ಬಂದು ಹೋಗುವಷ್ಟರಲ್ಲಿ ಬೆಳಗಾಗಿತ್ತು. ಹೆಂಡ್ರಿಕ್ಸ್ ವೇದಿಕೆ ಹತ್ತಿದಾಗ ಸುಮಾರು ಒಂಬತ್ತು ಗಂಟೆ. ನಾಲ್ಕು ಲಕ್ಷಕ್ಕೂ ಮಿಕ್ಕಿ ನೆರೆದಿದ್ದ ಜನರಲ್ಲಿ ಎಷ್ಟು ಮಂದಿ ಉಳಿದಿದ್ದರು ಎಂಬ ಬಗ್ಗೆ ಒಮ್ಮತವಿಲ್ಲ. ಮೂವತ್ತು ನಲವತ್ತು ಸಾವಿರ ಎನ್ನುವವರೂ ಇದ್ದಾರೆ, ಅದಕ್ಕಿಂತ ಬಹಳ ಹೆಚ್ಚಿನ ಸಂಖ್ಯೆ ಹೇಳುವವರೂ ಇದ್ದಾರೆ. ಉತ್ಸವದ ಬಗ್ಗೆ ಬಂದ ಚಲನಚಿತ್ರದಲ್ಲಿ ಕಾಣುವುದಂತೂ ಕೆಸರು, ಬಿಟ್ಟುಹೋದ ಚಪ್ಪಲಿ ಹೊದಿಕೆಗಳು, ನಡುನಡುವೆ ಗುಂಪಾಗಿ ನಿಂತ ದಣಿದ ಜನ.

ಈ ಕಛೇರಿ ಲಕ್ಷಾಂತರ ಜನರ ಎದುರು ನಡೆದ ವಿಜಯೋತ್ಸವವೆಂಬ ಕಲ್ಪನೆ ಬೆಳೆದದ್ದು ಮುಂದಿನ ವರ್ಷ, ಮೈಕಲ್ ವಾಡ್ಲಿ ಅವರ ಸಾಕ್ಷ್ಯಚಿತ್ರ ತೆರೆಕಂಡ ಮೇಲೆ. ಅದರ ಅಂತ್ಯಭಾಗವನ್ನು ಹೆಂಡ್ರಿಕ್ಸ್ ಅವರಿಗೇ ಮೀಸಲಿಟ್ಟಿದ್ದರಿಂದ, ಉತ್ಸವಕ್ಕೆ ಹೋಗದವರ ನೆನಪಿನಲ್ಲಿಯೂ ಅವರೇ ಉಳಿದರು. ಆದರೆ ಚಿತ್ರದ ಪ್ರಭಾವವೊಂದೇ ಇದಕ್ಕೆ ಕಾರಣವೆಂದು ನಾನು ಒಪ್ಪುವುದಿಲ್ಲ. ವಾದನದ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿದ್ದಾರೆ.

ಆರು ತಂತಿ

ಬೆಂಗಳೂರಿನಲ್ಲಿ ಗಿಟಾರ್ ಕಲಿಸುವ ಕೆಲಸ ನನ್ನದು. ಈ ಕಛೇರಿಯನ್ನು ವಿದ್ಯಾರ್ಥಿಗಳ ಜೊತೆ ಕುಳಿತು ಮತ್ತೆ ಮತ್ತೆ ಕೇಳಿದ್ದೇನೆ. ವಾದ್ಯಪ್ರಿಯ ಅವರ ಪ್ರಶ್ನೆಯಲ್ಲೇ ಉತ್ತರದ ಒಂದು ಎಳೆಯಿದೆ: ರಾಷ್ಟ್ರಗೀತೆಯನ್ನು ತುಂಡರಿಸಿಕೊಂಡು ಕೇಳಿದರೆ ಅದರ ಅರ್ಧ ಬಲ ಕಾಣೆಯಾಗುತ್ತದೆ.

ಆ ಗೀತೆಗೆ ಮುಂಚೆ ಬರುವುದು ‘ವೂಡೂ ಚೈಲ್ಡ್’. ಹತ್ತು ನಿಮಿಷಕ್ಕೂ ಮೀರಿ ಬೆಳೆಯುವ ಈ ಹಾಡಿನ ಕೊನೆಯಲ್ಲಿ ಲಯ ಇನ್ನೂ ನಡೆಯುತ್ತಿರುವಂತೆಯೇ ಹೆಂಡ್ರಿಕ್ಸ್ ಕೇಳುಗರಿಗೆ ವಂದನೆ ಹೇಳುತ್ತಾರೆ, ಜೊತೆಗಾರರ ಹೆಸರು ಹೇಳುತ್ತಾರೆ, ಹೊರಡಬೇಕೆನ್ನುವವರು ಹೊರಡಬಹುದು, ನಾವು ಸುಮ್ಮನೆ ನುಡಿಸುತ್ತಿದ್ದೇವೆ ಎನ್ನುವ ಅರ್ಥದ ಮಾತನ್ನೂ ಆಡುತ್ತಾರೆ. ಕಛೇರಿ ಮುಗಿಯಿತೆಂದು ಎಲ್ಲರೂ ಭಾವಿಸಬಹುದಾದ ಆ ಹೊತ್ತಿನಲ್ಲಿ, ಹಾಡು ನಿಲ್ಲದೆಯೇ ರಾಷ್ಟ್ರಗೀತೆಯ ಮೊದಲ ಸ್ವರಗಳು ಹೊರಡುತ್ತವೆ. ಅದು ಮುಗಿದ ತಕ್ಷಣ ಉಸಿರಾಡಲೂ ಬಿಡದೆ ‘ಪರ್ಪಲ್ ಹೇಝ್’. ಅದರ ಬೆನ್ನಿಗೆ ಪಕ್ಕವಾದ್ಯಗಳಿಲ್ಲದ ಒಂಟಿ ಗಿಟಾರಿನ ಹಲವು ನಿಮಿಷಗಳ ಮನೋಧರ್ಮ. ಅಲ್ಲಿಂದ ಇಳಿದು ‘ವಿಲನೋವಾ ಜಂಕ್ಷನ್’ ಎಂಬ ನಿಧಾನಗತಿಯ, ವಿಷಾದ ತುಂಬಿದ ರಚನೆ. ಸುಮಾರು ಅರ್ಧ ಗಂಟೆಯ ಈ ಭಾಗ ಒಂದೇ ಹರಿವಾಗಿ ಬರುತ್ತದೆ. ರಾಗಂ ತಾನಂ ಪಲ್ಲವಿಯನ್ನು ತಾಳ್ಮೆಯಿಂದ ಕೇಳಬಲ್ಲ ಕಿವಿಗೆ ಇದು ಹಿಡಿಸದೇ ಇರಲಾರದು. ಅಷ್ಟೂ ಹೊತ್ತು ವಾದಕರ ಮನಸ್ಸು ಎಲ್ಲೂ ಕಡಿಯುವುದಿಲ್ಲ.

ರಾಷ್ಟ್ರಗೀತೆಯನ್ನು ಹತ್ತಿರದಿಂದ ನೋಡೋಣ. ಮೊದಲ ಎರಡು ಸಾಲುಗಳನ್ನು ಅವರು ಬಹುಮಟ್ಟಿಗೆ ಇದ್ದದ್ದನ್ನು ಇದ್ದ ಹಾಗೆ, ಸ್ವರಗಳನ್ನು ಉದ್ದಕ್ಕೆ ಎಳೆದು, ಅಲ್ಲಲ್ಲಿ ಅಲಂಕರಿಸಿ ನುಡಿಸುತ್ತಾರೆ. ಕೆಳಗೆ ಮಿಚ್ ಮಿಚೆಲ್ ಅವರ ಡ್ರಮ್ಸ್ ಮಾತ್ರ ಗುಡುಗುತ್ತಿರುತ್ತದೆ, ಉಳಿದವರು ಬಹುತೇಕ ಸುಮ್ಮನಿದ್ದಾರೆ. ಮೂಲಗೀತೆಯಲ್ಲಿ ರಾಕೆಟ್ಟುಗಳ ಕೆಂಪು ಬೆಳಕನ್ನೂ ಆಕಾಶದಲ್ಲಿ ಸಿಡಿಯುವ ಬಾಂಬುಗಳನ್ನೂ ಹೇಳುವ ಸಾಲು ಬರುತ್ತದೆ. ಅಲ್ಲಿಗೆ ತಲುಪಿದಾಗ ಗಿಟಾರ್ ರಾಗವನ್ನು ಬಿಟ್ಟು ಆ ಪದಗಳು ಹೇಳುವುದನ್ನೇ ಕೇಳಿಸತೊಡಗುತ್ತದೆ. ಮೇಲಿಂದ ಕೆಳಕ್ಕೆ ಬೀಳುವ ಸೀಟಿಯಂಥ ಸದ್ದು, ಸ್ಫೋಟ, ಚೀರಾಟ, ಮತ್ತೆ ಸ್ಫೋಟ. ಅದಾದ ಮೇಲೆ ಬಾವುಟ ಇನ್ನೂ ಅಲ್ಲೇ ಇತ್ತು ಎನ್ನುವ ಸಾಲಿನ ಹಿಂದೆಯೇ ‘ಟ್ಯಾಪ್ಸ್’ ಎಂಬ ಕಹಳೆಯ ಸ್ವರಗಳನ್ನು ಸೇರಿಸುತ್ತಾರೆ. ಅಮೆರಿಕದಲ್ಲಿ ಸೈನಿಕರ ಅಂತ್ಯಕ್ರಿಯೆಯಲ್ಲಿ ಊದುವ ಸ್ವರಗಳವು. ನನ್ನ ಮಟ್ಟಿಗೆ ಇಡೀ ಕಛೇರಿಯ ಅತ್ಯಂತ ಗಂಭೀರವಾದ ಕ್ಷಣ ಅದೇ. ಸ್ಫೋಟಗಳ ಸದ್ದನ್ನು ಎಷ್ಟೋ ಮಂದಿ ಅನುಕರಿಸಿದ್ದಾರೆ. ಸದ್ದೆಲ್ಲ ಅಡಗಿದ ಮೇಲೆ ಸತ್ತವರನ್ನು ನೆನೆಯುವ ಆ ಕೆಲವು ಸ್ವರಗಳನ್ನು ಅಲ್ಲಿಯೇ ಇಡಬೇಕೆಂದು ತೋಚಿದ್ದು ಅವರ ಸಂಗೀತಪ್ರಜ್ಞೆಗೆ ಸಾಕ್ಷಿ.

ಇದೆಲ್ಲ ಹೇಗೆ ಸಾಧ್ಯವಾಯಿತು? ಆಂಪ್ಲಿಫೈಯರನ್ನು ಬಹಳ ಜೋರಾಗಿ ಇಟ್ಟಾಗ ಸ್ಪೀಕರಿನಿಂದ ಹೊರಟ ಸದ್ದು ತಿರುಗಿ ಬಂದು ತಂತಿಯನ್ನೇ ಅಲುಗಿಸುತ್ತದೆ. ಆಗ ಮೀಟದೆಯೇ ತಂತಿ ನುಡಿಯುತ್ತಾ ಹೋಗುತ್ತದೆ. ಇದನ್ನೇ ಫೀಡ್‌ಬ್ಯಾಕ್ ಎನ್ನುತ್ತೇವೆ. ವಾದಕ ಎಲ್ಲಿ ನಿಂತಿದ್ದಾನೆ, ಸ್ಪೀಕರಿನ ಕಡೆಗೆ ಗಿಟಾರನ್ನು ಎಷ್ಟು ತಿರುಗಿಸಿದ್ದಾನೆ, ಯಾವ ತಂತಿಯನ್ನು ಅಂಗೈಯಿಂದ ಅದುಮಿದ್ದಾನೆ ಎಂಬುದರ ಮೇಲೆ ಯಾವ ಸ್ವರ ಏಳಬೇಕೆಂಬುದು ನಿಂತಿರುತ್ತದೆ. ಸ್ವಲ್ಪ ಹದ ತಪ್ಪಿದರೂ ಅದು ಕಿವಿ ಕೊರೆಯುವ ಗದ್ದಲವಾಗುತ್ತದೆ. ಹೆಂಡ್ರಿಕ್ಸ್ ಅದನ್ನು ಪಳಗಿಸಿ ರಾಷ್ಟ್ರಗೀತೆಯ ದೀರ್ಘ ಸ್ವರಗಳನ್ನು ನಿಲ್ಲಿಸಲು ಬಳಸಿದರು. ಅದರ ಜೊತೆಗೆ ತಂತಿಗಳ ತುದಿಯನ್ನು ಹಿಡಿದಿರುವ ಬ್ರಿಡ್ಜಿಗೆ ಜೋಡಿಸಿದ ಟ್ರೆಮೊಲೊ ಸರಳನ್ನು ಒತ್ತಿ ತಂತಿಗಳನ್ನೆಲ್ಲ ಒಟ್ಟಿಗೆ ಸಡಿಲಗೊಳಿಸಿದಾಗ ಬಾಂಬು ಬೀಳುವ ಆ ಜಾರು ಹುಟ್ಟುತ್ತದೆ. ಕಾಲಿನ ಬಳಿ ಗಿಟಾರಿನ ನಾದವನ್ನು ಬದಲಿಸುವ ಉಪಕರಣಗಳಾದ ವಾ ಪೆಡಲ್, ಫಝ್ ಫೇಸ್ ಮತ್ತು ಯೂನಿ-ವೈಬ್ ಇದ್ದವು. ನೀರಿನಲ್ಲಿ ತೇಲಿದಂತೆ ಸ್ವರ ಅಲೆಯಾಡುವುದು ಈ ಕೊನೆಯದರಿಂದ.

ಅಂದು ಅವರ ಕೈಯಲ್ಲಿದ್ದದ್ದು ಬಿಳಿ ಬಣ್ಣದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್, ಈಗ ಅದು ಅವರು ಹುಟ್ಟಿದ ಸಿಯಾಟಲ್ ನಗರದ ಮ್ಯೂಸಿಯಂ ಆಫ್ ಪಾಪ್ ಕಲ್ಚರ್‌ನಲ್ಲಿದೆ. ಬಲಗೈಯವರಿಗೆಂದು ಮಾಡಿದ ಗಿಟಾರನ್ನು ತಲೆಕೆಳಗಾಗಿ ಹಿಡಿದು, ತಂತಿಗಳನ್ನು ಮಾತ್ರ ಎಡಗೈಗೆ ಹೊಂದುವ ಕ್ರಮದಲ್ಲಿ ಬಿಗಿದುಕೊಂಡಿದ್ದರು. ಇದರಿಂದಾಗಿ ಬ್ರಿಡ್ಜಿನ ಬಳಿ ತಂತಿಯ ಕಂಪನವನ್ನು ಹಿಡಿಯಲು ಓರೆಯಾಗಿ ಕೂರಿಸಿದ ಪಿಕಪ್ ಉಲ್ಟಾ ಆಗಿ, ಮಂದ್ರದ ತಂತಿಗಳು ಸ್ವಲ್ಪ ಚುರುಕಾಗಿಯೂ ತಾರದ ತಂತಿಗಳು ಸ್ವಲ್ಪ ಮೃದುವಾಗಿಯೂ ಕೇಳಿಸುತ್ತವೆ. ಟ್ರೆಮೊಲೊ ಸರಳೂ ಸದ್ದಿನ ಗುಂಡಿಗಳೂ ತಂತಿಗಳ ಮೇಲ್ಬದಿಗೆ, ಮೀಟುವ ಕೈಯ ಹತ್ತಿರಕ್ಕೇ ಬರುತ್ತವೆ. ವಿಡಿಯೊ ನೋಡುವಾಗ ಆ ಕೈಯನ್ನೇ ಗಮನಿಸಿ. ಮೀಟುವುದು, ಸರಳನ್ನು ಒತ್ತುವುದು, ಬೇಡದ ತಂತಿಗಳನ್ನು ಅದುಮುವುದು ಮೂರನ್ನೂ ಅದೊಂದೇ ಕೈ ನಿಭಾಯಿಸುತ್ತಿರುತ್ತದೆ.

ನಿಷ್ಠುರ ಕಿವಿ

ಆರು ತಂತಿ ಅವರ ವಿಶ್ಲೇಷಣೆಗೆ ನನ್ನ ತಕರಾರಿಲ್ಲ. ಆದರೆ ವಾದ್ಯಪ್ರಿಯ ಅವರ ಮೊದಲ ಅನುಮಾನವನ್ನು ನಾವು ಅಷ್ಟು ಬೇಗ ತಳ್ಳಿಹಾಕಬಾರದು. ಕೊನೆಯ ಅರ್ಧ ಗಂಟೆ ಅಸಾಧಾರಣವಾದದ್ದು. ಅದಕ್ಕೆ ಮುಂಚಿನ ಭಾಗದಲ್ಲಿ ಹೆಂಡ್ರಿಕ್ಸ್ ಅವರೇ ಬೇರೆಡೆ ಇದಕ್ಕಿಂತ ಎಷ್ಟೋ ಚೆನ್ನಾಗಿ ನುಡಿಸಿದ ಹಾಡುಗಳಿವೆ. ಶಿಖರವೆಂದು ಕರೆಯುವುದಾದರೆ, ಅದೇ 1969ರ ಕೊನೆಯ ದಿನ ಮತ್ತು ಹೊಸ ವರ್ಷದ ಮೊದಲ ದಿನ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ಬಿಲ್ಲಿ ಕಾಕ್ಸ್ ಮತ್ತು ಡ್ರಮ್ಸ್ ವಾದಕ ಬಡ್ಡಿ ಮೈಲ್ಸ್ ಅವರೊಂದಿಗೆ ನೀಡಿದ ಕಛೇರಿಗಳನ್ನು ನಾನು ಹೆಸರಿಸುತ್ತೇನೆ. ಅಲ್ಲಿ ಯುದ್ಧವನ್ನು ಕುರಿತು ನುಡಿಸಿದ ‘ಮೆಷಿನ್ ಗನ್’ ನನ್ನ ದೃಷ್ಟಿಯಲ್ಲಿ ವುಡ್‌ಸ್ಟಾಕ್‌ನ ರಾಷ್ಟ್ರಗೀತೆಗಿಂತಲೂ ಆಳವಾದದ್ದು.

ಮೂವರ ವಾದನ ಮಾತ್ರ ಕೇಳಿಸುತ್ತದೆ ಎಂಬ ನಿಮ್ಮ ಮಾತು ಬಹಳ ಮುಖ್ಯವಾದದ್ದು. ಲ್ಯಾರಿ ಲೀ ಅವರ ಗಿಟಾರೂ ಜುಮಾ ಸುಲ್ತಾನ್ ಮತ್ತು ಜೆರ್ರಿ ವೆಲೆಜ್ ಅವರ ತಾಳವಾದ್ಯಗಳೂ ಪ್ರಕಟವಾದ ಮುದ್ರಣಗಳಲ್ಲಿ ತೀರಾ ಹಿಂದೆ ಸರಿದಿವೆ. ಲೀ ಅವರು ಮುಂದೆ ನಿಂತು ಹಾಡಿದ ಭಾಗಗಳನ್ನು 1999ರಲ್ಲಿ ಬಂದ, ಹೆಚ್ಚುಕಡಿಮೆ ಪೂರ್ಣವೆನ್ನಬಹುದಾದ ಆವೃತ್ತಿಯಿಂದಲೂ ಕೈಬಿಟ್ಟಿದ್ದಾರೆ. ಧ್ವನಿಮುದ್ರಣವನ್ನು ನೋಡಿಕೊಂಡ ಎಡ್ಡಿ ಕ್ರೇಮರ್ ಅವರ ಬಳಿ ಆ ಇಡೀ ಉತ್ಸವಕ್ಕೆ ಎಂಟು ಟ್ರ್ಯಾಕುಗಳ, ಅಂದರೆ ಎಂಟು ಪ್ರತ್ಯೇಕ ಪದರಗಳಲ್ಲಿ ಸದ್ದು ಹಿಡಿಯುವ ಯಂತ್ರವಿತ್ತು. ಆರು ಜನರ ತಂಡವನ್ನು ಬಯಲಿನಲ್ಲಿ ಅದರಲ್ಲಿ ಹಿಡಿದಿಡುವುದು ಸುಲಭವಲ್ಲ, ಸರಿ. ಆದರೂ ಹೆಂಡ್ರಿಕ್ಸ್ ಅವರಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ದೊಡ್ಡ ತಂಡದ, ತಾಳವಾದ್ಯಗಳಿಂದ ತುಂಬಿದ ಹೊಸ ನಾದ. ಹಳೆಯ ಮೂವರ ತಂಡದ ಕಟ್ಟಿನಿಂದ ಹೊರಬರಲು ಅವರು ಮಾಡಿದ ಪ್ರಯತ್ನವನ್ನೇ ಮತ್ತೆ ಮೂವರ ತಂಡದಂತೆ ಕೇಳಿಸುವ ಹಾಗೆ ಜನರ ಮುಂದಿಟ್ಟದ್ದು ಆ ಕಲಾವಿದರಿಗೆ ಮಾಡಿದ ಅನ್ಯಾಯ. ಅಂದು ಬೆಳಿಗ್ಗೆ ಅಲ್ಲಿದ್ದವರಿಗೆ ಕೇಳಿಸಿದ ಕಛೇರಿ ನಮಗೆ ಇನ್ನೂ ಪೂರ್ತಿಯಾಗಿ ದೊರೆತಿಲ್ಲ.

ಈ ತಂಡದ ಆಯುಷ್ಯವೂ ಕಡಿಮೆ. ಸೆಪ್ಟೆಂಬರ್ 5ರಂದು ಹಾರ್ಲೆಮ್‌ನ ಬೀದಿಯಲ್ಲಿ, 10ರಂದು ನ್ಯೂಯಾರ್ಕಿನ ಒಂದು ಕ್ಲಬ್ಬಿನಲ್ಲಿ ನುಡಿಸಿದ ಮೇಲೆ ಅದು ಚದುರಿಹೋಯಿತು.

ವಾದ್ಯಪ್ರಿಯ

ಮೂವರಿಗೂ ಕೃತಜ್ಞತೆಗಳು. ಟ್ಯಾಪ್ಸ್ ಬರುವ ಜಾಗವನ್ನು ಈಗ ಮತ್ತೆ ಕೇಳಿದೆ, ಮೈ ಜುಮ್ಮೆಂದಿತು. ಇನ್ನೊಂದು ಪ್ರಶ್ನೆ. ಇದನ್ನು ವಿಯೆಟ್ನಾಂ ಯುದ್ಧದ ವಿರುದ್ಧದ ಪ್ರತಿಭಟನೆ ಎಂದೇ ಬಹುತೇಕ ಬರಹಗಳು ಹೇಳುತ್ತವೆ. ಹೆಂಡ್ರಿಕ್ಸ್ ಅವರು ಹಾಗೆ ಹೇಳಿಕೊಂಡಿದ್ದರೇ? ಅವರೇ ಸೈನ್ಯದಲ್ಲಿದ್ದವರು ಎಂದಮೇಲೆ ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಹಡ್ಸನ್ ತೀರದವ

ನ್ಯೂಯಾರ್ಕ್ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗ ನಾನು, ಬೆಥೆಲ್‌ಗೆ ಹೋಗಿ ಬಂದಿದ್ದೇನೆ. ವುಡ್‌ಸ್ಟಾಕ್ ಎಂಬ ಊರು ಅಲ್ಲಿಂದ ನಲವತ್ತು ಮೈಲಿಗೂ ದೂರದಲ್ಲಿದೆ. ಮೊದಲು ಗೊತ್ತುಮಾಡಿದ್ದ ವಾಲ್‌ಕಿಲ್ ಎಂಬಲ್ಲಿನ ಆಡಳಿತ ಉತ್ಸವಕ್ಕೆ ಒಂದು ತಿಂಗಳಿರುವಾಗ ಅನುಮತಿ ನಿರಾಕರಿಸಿದ್ದರಿಂದ ಆಯೋಜಕರು ಯಾಸ್ಗರ್ ಅವರ ಹೊಲಕ್ಕೆ ಬಂದರು. ಹರ್ಡ್ ರಸ್ತೆ ಮತ್ತು ವೆಸ್ಟ್ ಶೋರ್ ರಸ್ತೆ ಕೂಡುವ ಮೂಲೆಯಲ್ಲಿ ಸ್ಮಾರಕವಿದೆ. ಅಲ್ಲಿ ನಿಂತರೆ ಹುಲ್ಲಿನ ಇಳಿಜಾರು ಮೇಲಿನಿಂದ ವೇದಿಕೆಯಿದ್ದ ತಗ್ಗಿನವರೆಗೆ ಬೊಗಸೆಯ ಹಾಗೆ ಇಳಿಯುವುದು ಒಂದೇ ನೋಟಕ್ಕೆ ಸಿಗುತ್ತದೆ. ಆ ಇಳಿಜಾರನ್ನು ನೋಡಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು: ಮೇಲ್ತುದಿಯಲ್ಲಿ ಹೊರಡಲು ಗಂಟುಮೂಟೆ ಕಟ್ಟುತ್ತಿದ್ದವರಿಗೂ ಆ ಗಿಟಾರ್ ಕೇಳಿಸಿಯೇ ಇರಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೆಂಡ್ರಿಕ್ಸ್ 1961ರಲ್ಲಿ ಸೈನ್ಯ ಸೇರಿ, 101ನೆಯ ಏರ್‌ಬೋರ್ನ್ ವಿಭಾಗದಲ್ಲಿ ಪ್ಯಾರಾಚೂಟ್ ತರಬೇತಿ ಪಡೆದು, 1962ರಲ್ಲಿ ಬಿಡುಗಡೆಯಾದವರು. ವಿಯೆಟ್ನಾಂಗೆ ಹೋಗಲಿಲ್ಲ. ಆದರೆ ಅದೇ 101ನೆಯ ವಿಭಾಗ 1969ರಲ್ಲಿ ಅಲ್ಲಿ ಹೋರಾಡುತ್ತಿತ್ತು, ಆ ವರ್ಷ ವಿಯೆಟ್ನಾಂನಲ್ಲಿದ್ದ ಅಮೆರಿಕನ್ ಸೈನಿಕರ ಸಂಖ್ಯೆ ಐದು ಲಕ್ಷ ದಾಟಿತ್ತು. ಹಿಂದಿನ ವರ್ಷವಷ್ಟೇ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಗಿತ್ತು. ವೇದಿಕೆಯ ಮೇಲೆ ಅವರ ಪಕ್ಕದಲ್ಲಿ ನಿಂತಿದ್ದ ಬಿಲ್ಲಿ ಕಾಕ್ಸ್ ಸೈನ್ಯದ ಗೆಳೆಯ, ಲ್ಯಾರಿ ಲೀ ಯುದ್ಧದಿಂದ ಆಗಷ್ಟೇ ಮರಳಿದವರು. ಇಷ್ಟೆಲ್ಲ ಇರುವಾಗ ಆ ಬಾಂಬುಗಳ ಸದ್ದಿನಲ್ಲಿ ವಿಯೆಟ್ನಾಂ ಇಲ್ಲವೆಂದು ಯಾರೂ ಹೇಳಲಾರರು.

ಹಾಗೆಂದು ಅವರು ಇದನ್ನು ಪ್ರತಿಭಟನೆ ಎಂದು ಘೋಷಿಸಲಿಲ್ಲ. ಉತ್ಸವವಾದ ಕೆಲವು ವಾರಗಳಲ್ಲಿ ಪತ್ರಕರ್ತರು ಕೇಳಿದಾಗ, ನಾವೆಲ್ಲರೂ ಅಮೆರಿಕದವರೇ, ಈಗ ಅಮೆರಿಕದ ಗಾಳಿ ಹೇಗಿದೆಯೋ ಹಾಗೆ ನುಡಿಸುತ್ತೇವೆ ಎನ್ನುವ ಅರ್ಥದಲ್ಲಿ ಉತ್ತರಿಸಿದರು. ಸೆಪ್ಟೆಂಬರಿನಲ್ಲಿ ಡಿಕ್ ಕ್ಯಾವೆಟ್ ಅವರ ದೂರದರ್ಶನ ಸಂದರ್ಶನದಲ್ಲಿ ಅದೇ ವಿಷಯ ಬಂದಿತು. ತಾನು ಅಮೆರಿಕದವನಾದ್ದರಿಂದ ನುಡಿಸಿದೆ, ಶಾಲೆಯಲ್ಲಿ ಹಾಡಿಸುತ್ತಿದ್ದರು ಎಂದರು. ಸಂಪ್ರದಾಯಬದ್ಧವಲ್ಲದ ರೀತಿ ಎಂಬ ಮಾತಿಗೆ, ತನಗದು ಸುಂದರವಾಗಿಯೇ ಕಂಡಿತು ಎಂದು ಮೆಲುದನಿಯಲ್ಲಿ ಹೇಳಿದರು. ಆ ಸಂದರ್ಶನವನ್ನು ನೋಡಿದರೆ ಅವರು ಮಾತು ತಪ್ಪಿಸುತ್ತಿದ್ದಾರೆಂದು ನನಗನ್ನಿಸುವುದಿಲ್ಲ. ಆ ಗೀತೆಯನ್ನು ಅವರು ವುಡ್‌ಸ್ಟಾಕ್‌ಗಾಗಿ ಹೊಸದಾಗಿ ಯೋಚಿಸಿದ್ದೂ ಅಲ್ಲ. 1968ರಿಂದಲೇ ಕಛೇರಿಗಳಲ್ಲಿ ನುಡಿಸುತ್ತಿದ್ದರು, 1969ರ ಮಾರ್ಚಿನಲ್ಲಿ ಸ್ಟುಡಿಯೋದಲ್ಲಿಯೂ ಮುದ್ರಿಸಿದ್ದರು. ಒಂದು ರಾಗವನ್ನು ವರ್ಷಗಟ್ಟಲೆ ಕೈಯಲ್ಲಿಟ್ಟುಕೊಂಡು ತಿರುತಿರುಗಿ ನುಡಿಸಿದ ಕಲಾವಿದನಿಗೆ ಅದರ ಮೇಲೆ ಪ್ರೀತಿಯಿಲ್ಲದಿರಲು ಸಾಧ್ಯವೇ?

ಇನ್ನೂ ಒಂದು ಹಿನ್ನೆಲೆ ಇದೆ. 1968ರ ಅಕ್ಟೋಬರಿನಲ್ಲಿ ಡೆಟ್ರಾಯಿಟ್‌ನ ಬೇಸ್‌ಬಾಲ್ ಪಂದ್ಯದ ಮುನ್ನ ಹೊಸೆ ಫೆಲಿಸಿಯಾನೊ ಎಂಬ ಅಂಧ ಗಾಯಕ ಗಿಟಾರಿನೊಂದಿಗೆ ಈ ಗೀತೆಯನ್ನು ತಮ್ಮದೇ ಧಾಟಿಯಲ್ಲಿ, ಮೃದುವಾಗಿ ಹಾಡಿದ್ದಕ್ಕೇ ದೇಶದಾದ್ಯಂತ ಸಿಟ್ಟಿನ ದೂರುಗಳು ಬಂದಿದ್ದವು. ಹಾಗಿರುವಾಗ ಒಬ್ಬ ಕಪ್ಪು ಗಿಟಾರ್ ವಾದಕ ಅದನ್ನು ಸ್ಫೋಟಗಳೊಂದಿಗೆ ನುಡಿಸುವುದರ ಪರಿಣಾಮ ಏನಿರಬಹುದೆಂಬುದು ಹೆಂಡ್ರಿಕ್ಸ್ ಅವರಿಗೆ ಗೊತ್ತಿರಲಿಲ್ಲವೆಂದು ಹೇಳಲಾಗದು. 1814ರಲ್ಲಿ ಬಾಲ್ಟಿಮೋರ್ ಬಳಿಯ ಕೋಟೆಯ ಮೇಲೆ ನಡೆದ ದಾಳಿಯನ್ನು ಕಂಡು ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಪದ್ಯವದು. ಬಾಂಬು ರಾಕೆಟ್ಟುಗಳು ಮೊದಲಿನಿಂದಲೂ ಅದರೊಳಗೇ ಇದ್ದವು. ಸಭೆಗಳಲ್ಲಿ ಎದ್ದು ನಿಂತು ಹಾಡುವವರು ಮರೆತಿದ್ದ ಆ ಸದ್ದನ್ನು ಹೆಂಡ್ರಿಕ್ಸ್ ಕೇಳಿಸಿದರು. ದೇಶವನ್ನು ಪ್ರೀತಿಸುವವನೂ ಅದರ ಯುದ್ಧಕ್ಕೆ ಮರುಗುವವನೂ ಒಬ್ಬನೇ ಆಗಿರಬಹುದು ಎಂಬುದನ್ನು ಒಪ್ಪಿಕೊಂಡರೆ ಈ ವಾದನವನ್ನು ಒಂದು ಪಕ್ಷಕ್ಕೆ ಎಳೆಯುವ ಅಗತ್ಯವೇ ಬೀಳುವುದಿಲ್ಲ.

ತಂಬೂರಿ

ಭಾರತೀಯ ಕೇಳುಗರಿಗೆ ಆಸಕ್ತಿಯಿರಬಹುದಾದ ಒಂದು ವಿಷಯವನ್ನು ಸೇರಿಸುತ್ತೇನೆ. ಇದೇ ಉತ್ಸವದ ಮೊದಲ ರಾತ್ರಿ, ಆಗಸ್ಟ್ 15ರಂದು, ಪಂಡಿತ್ ರವಿಶಂಕರ್ ಅವರು ಉಸ್ತಾದ್ ಅಲ್ಲಾ ರಖಾ ಅವರ ತಬಲಾದೊಂದಿಗೆ ಮಳೆಯ ನಡುವೆಯೇ ಸಿತಾರ್ ನುಡಿಸಿದ್ದರು. ಅದಕ್ಕೂ ಎರಡು ವರ್ಷ ಮುಂಚೆ, 1967ರ ಜೂನ್ 18ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಉತ್ಸವದಲ್ಲಿ ಮಧ್ಯಾಹ್ನ ರವಿಶಂಕರ್ ಅವರ ಕಛೇರಿ, ರಾತ್ರಿ ಹೆಂಡ್ರಿಕ್ಸ್ ಅವರದು. ಆ ರಾತ್ರಿ ಹೆಂಡ್ರಿಕ್ಸ್ ಕೊನೆಯಲ್ಲಿ ಗಿಟಾರಿಗೆ ಬೆಂಕಿ ಹಚ್ಚಿದ್ದು ರವಿಶಂಕರ್ ಅವರಿಗೆ ಸಹಿಸಲಾಗಲಿಲ್ಲ, ವಾದ್ಯವನ್ನು ಪೂಜಿಸುವ ಪರಂಪರೆಯವರಾಗಿ ಅದನ್ನು ನಂತರವೂ ನೋವಿನಿಂದಲೇ ನೆನೆಯುತ್ತಿದ್ದರು. ನವರಾತ್ರಿಯಲ್ಲಿ ವೀಣೆಯನ್ನು ಪೂಜೆಗಿಟ್ಟು ಮುಟ್ಟದೆ ಇರುವ ಮನೆಗಳಿಂದ ಬಂದ ನಮಗೂ ಆ ನೋವು ಅರ್ಥವಾಗುತ್ತದೆ. ವುಡ್‌ಸ್ಟಾಕ್‌ನಲ್ಲಿ ಹೆಂಡ್ರಿಕ್ಸ್ ಬೆಂಕಿ ಹಚ್ಚಲಿಲ್ಲ, ಗಿಟಾರ್ ಒಡೆಯಲಿಲ್ಲ. ಎರಡು ಗಂಟೆ ನಿಂತು ನುಡಿಸಿದರು, ಅಷ್ಟೇ. ಎರಡು ವರ್ಷಗಳಲ್ಲಿ ಆ ಕಲಾವಿದ ಎಲ್ಲಿಂದ ಎಲ್ಲಿಗೆ ಬಂದಿದ್ದರೆಂಬುದಕ್ಕೆ ಈ ಒಂದು ವ್ಯತ್ಯಾಸ ಸಾಕು. ಆಗ ಅವರ ವಯಸ್ಸು ಇಪ್ಪತ್ತಾರು. ಮುಂದಿನ ವರ್ಷ ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಆರು ತಂತಿ

ವಾದ್ಯಪ್ರಿಯ ಅವರೇ, ಮತ್ತೆ ಕೇಳುವ ಮನಸ್ಸಿದ್ದರೆ ಮೊದಲಿನಿಂದ ಶುರುಮಾಡಬೇಡಿ. ಮೊದಲು ‘ರೆಡ್ ಹೌಸ್’ ಎಂಬ ಬ್ಲೂಸ್ ಹಾಡನ್ನು ಮಾತ್ರ ಕೇಳಿ. ಅದರ ನಡುವೆ ಅತ್ಯಂತ ತೆಳುವಾದ ತಂತಿ ಕಿತ್ತುಹೋಗುತ್ತದೆ, ಅವರು ನಿಲ್ಲಿಸದೆ ಉಳಿದ ತಂತಿಗಳಲ್ಲೇ ಹಾಡನ್ನು ಸಾಗಿಸುತ್ತಾರೆ. ಗಮಕದ ಪರಿಚಯವಿರುವ ನಿಮಗೆ ಅಲ್ಲಿ ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರವನ್ನು ಏರಿಸುವ, ಏರಿಸಿದ ಮೇಲೆ ಅಲುಗಿಸುವ ರೀತಿ ತಕ್ಷಣ ಹಿಡಿತಕ್ಕೆ ಬರುತ್ತದೆ. ನಂತರ ‘ವೂಡೂ ಚೈಲ್ಡ್’ನಿಂದ ‘ವಿಲನೋವಾ ಜಂಕ್ಷನ್’ವರೆಗೆ ಎಲ್ಲಿಯೂ ತಡೆಯದೆ ಒಂದೇ ಕೂತಿನಲ್ಲಿ ಕೇಳಿ. ಕೊನೆಗೆ ಬರುವ ‘ಹೇ ಜೋ’ ಕೇಳುಗರ ಒತ್ತಾಯಕ್ಕೆ ನುಡಿಸಿದ್ದು, ಅದನ್ನು ಬಿಟ್ಟರೂ ನಷ್ಟವಿಲ್ಲ.

ನಿಷ್ಠುರ ಕಿವಿ ಅವರು ಹೇಳಿದ ಫಿಲ್‌ಮೋರ್ ಕಛೇರಿಯನ್ನು ಇದಾದ ಮೇಲೆ ಕೇಳುವುದು ಒಳ್ಳೆಯದು. ಯುದ್ಧದ ಸದ್ದು ಅಲ್ಲಿ ಹೇಗೆ ಇನ್ನಷ್ಟು ಬಿಗಿಯಾದ ಲಯದೊಳಗೆ ಬಂದು ಕೂರುತ್ತದೆಂಬುದು ವುಡ್‌ಸ್ಟಾಕ್ ಕಿವಿಯಲ್ಲಿರುವಾಗಲೇ ಚೆನ್ನಾಗಿ ತಿಳಿಯುತ್ತದೆ. ಇಯರ್‌ಫೋನಿಗಿಂತ ದೊಡ್ಡ ಸ್ಪೀಕರ್ ಉತ್ತಮ. ಫೀಡ್‌ಬ್ಯಾಕಿನ ಸ್ವರಗಳು ಏಳುವುದಕ್ಕೂ ಅಡಗುವುದಕ್ಕೂ ಕೋಣೆಯಲ್ಲಿ ಸ್ವಲ್ಪ ಗಾಳಿ ಬೇಕು.